ಅಜೂರ್ ಡೇಟಾ ಫ್ಯಾಕ್ಟರಿ: ಬಿಲ್ ಪಾಸ್ ಮಾಡುವವಳ ವಿಮರ್ಶೆ

ಅಜೂರ್ ಡೇಟಾ ಫ್ಯಾಕ್ಟರಿ ಅಂದರೆ ಡೇಟಾವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ. ಪೂರ್ತಿ ಓದುವ ಪುರುಸೊತ್ತಿಲ್ಲದವರಿಗಾಗಿ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಡೇಟಾ ಆಫೀಸಿನ ಸರ್ವರ್‌ನಲ್ಲೇ ಇದೆ, ಅದನ್ನು ದಿನಕ್ಕೆ ಕೆಲವು ಸಲ ಮೈಕ್ರೋಸಾಫ್ಟ್‌ನ ಕ್ಲೌಡ್‌ಗೆ ಏರಿಸಬೇಕು ಅಷ್ಟೇ ಅಂದರೆ ಅಜೂರ್ ಡೇಟಾ ಫ್ಯಾಕ್ಟರಿ ಅಗ್ಗ. ಕಣ್ಣುಮುಚ್ಚಿ ತಗೊಳ್ಳಿ ಅಂತ ಹೇಳಲಾರೆ, ಬಿಲ್ ಮೇಲೆ ಒಂದು ಕಣ್ಣಿಟ್ಟು ತಗೊಳ್ಳಿ. ಡೇಟಾ ಆಗಲೇ ಕ್ಲೌಡ್‌ನಲ್ಲಿದ್ದು, ನೂರಾರು ಸಣ್ಣ ಟೇಬಲ್‌ಗಳನ್ನು ಗಂಟೆಗಂಟೆಗೂ ಅಲ್ಲಿಂದಿಲ್ಲಿಗೆ ಸಾಗಿಸುವವರಾದರೆ ಕೈ ಸುಡುತ್ತದೆ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ.

ನಾನು ಸಾಫ್ಟ್‌ವೇರ್‌ನವಳಲ್ಲ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗ ನನ್ನದು. ಉಕ್ಕಿನ ಬಿಲ್, ಜಾಬ್‌ವರ್ಕ್ ಬಿಲ್, ಬೆಸ್ಕಾಂ ಬಿಲ್ ಬರುವ ಹಾಗೆಯೇ ಕ್ಲೌಡ್ ಬಿಲ್ ಕೂಡ ನನ್ನ ಮೇಜಿಗೆ ಬರುತ್ತದೆ. ಉಕ್ಕಿನ ಬಿಲ್ಲಾದರೆ ತೂಕದ ಚೀಟಿ ಹಿಡಿದು ತಾಳೆ ನೋಡಬಹುದು. ಕ್ಲೌಡ್ ಬಿಲ್ಲಿಗೆ ತೂಕದ ಚೀಟಿ ಯಾವುದು ಅಂತ ಹುಡುಕುತ್ತಾ ಹೋಗಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಪೈಪ್‌ಲೈನ್, ಅಂದರೆ ಡೇಟಾ ಸಾಗಿಸುವ ಹೆಜ್ಜೆಗಳ ಸರಣಿ, ಹೇಗೆ ಕಟ್ಟಬೇಕು ಅನ್ನುವುದಕ್ಕೆ ಬೇರೆಯವರು ಬರೆದದ್ದು ಬೇಕಾದಷ್ಟಿದೆ. ದುಡ್ಡು ಎಲ್ಲಿ ಸೋರುತ್ತದೆ ಅನ್ನುವುದು ಮಾತ್ರ ನನ್ನ ವಿಷಯ.

ಇಲ್ಲಿ ಕೊಟ್ಟಿರುವ ದರಗಳೆಲ್ಲ ಮೈಕ್ರೋಸಾಫ್ಟ್ ಪ್ರಕಟಿಸಿರುವ ಡಾಲರ್ ದರಗಳು. ಪ್ರದೇಶದಿಂದ ಪ್ರದೇಶಕ್ಕೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತವೆ. ಲೆಕ್ಕದ ಅನುಕೂಲಕ್ಕೆ ಡಾಲರ್‌ಗೆ 90 ರೂಪಾಯಿ ಅಂತ ಹಿಡಿದಿದ್ದೇನೆ, ಜಿಎಸ್‌ಟಿ ಸೇರಿಸಿಲ್ಲ.

ಈ ಸೇವೆಗೆ ತಿಂಗಳ ಚಂದಾ ಇಲ್ಲ, ಲೈಸೆನ್ಸ್ ಫೀ ಇಲ್ಲ, ಎಷ್ಟು ಜನ ಬಳಸುತ್ತಾರೆ ಅನ್ನುವ ಲೆಕ್ಕವೂ ಇಲ್ಲ. ಓಡಿದಷ್ಟಕ್ಕೆ ದುಡ್ಡು. ಆದರೆ ಓಡಿದ್ದನ್ನು ಅಳೆಯುವ ಮೀಟರ್‌ಗಳು ಹಲವು. ಪೈಪ್‌ಲೈನ್ ಒಳಗಿನ ಒಂದೊಂದು ಹೆಜ್ಜೆಗೂ ಆಕ್ಟಿವಿಟಿ ಅಂತ ಹೆಸರು. ಸಾವಿರ ಆಕ್ಟಿವಿಟಿ ರನ್‌ಗೆ 1 ಡಾಲರ್. ನಿಮ್ಮದೇ ಮೆಷಿನ್ ಮೂಲಕ ಓಡಿಸಿದರೆ ಒಂದೂವರೆ ಡಾಲರ್. ಡೇಟಾ ಕಾಪಿ ಮಾಡುವುದಕ್ಕೆ ಬೇರೆ ಮೀಟರ್: ಕ್ಲೌಡ್‌ನ ಯಂತ್ರ ಬಳಸಿದರೆ ಡಿಐಯು ಎಂಬ ಒಂದು ಯೂನಿಟ್‌ಗೆ ಗಂಟೆಗೆ 25 ಸೆಂಟ್, ನಿಮ್ಮದೇ ಮೆಷಿನ್ ಆದರೆ ಗಂಟೆಗೆ 10 ಸೆಂಟ್. ಲುಕ್‌ಅಪ್‌ನಂಥ (ಒಂದು ಮಾಹಿತಿ ನೋಡಿ ಬರುವಂಥ) ಚಿಲ್ಲರೆ ಕೆಲಸಗಳ ಸಮಯಕ್ಕೂ ದರ ಇದೆ, ಅದು ಮರೆತುಬಿಡುವಷ್ಟು ಕಡಿಮೆ. ಡೇಟಾ ಫ್ಲೋ ಅಂತ ಇನ್ನೊಂದು ಇದೆ, ಅದರ ಕತೆ ಮುಂದೆ ಹೇಳುತ್ತೇನೆ.

ಈ ದರಪಟ್ಟಿ ಓದಿದವರಿಗೆ ಮೊದಲು ಅನ್ನಿಸುವುದು: ಸೆಂಟ್‌ಗಳ ವ್ಯವಹಾರ, ಇದರಲ್ಲಿ ಎಷ್ಟು ತಾನೇ ಆದೀತು? ದರಪಟ್ಟಿಯ ಅಡಿಯಲ್ಲಿ ಒಂದು ಸಾಲಿದೆ, ಎಲ್ಲವೂ ಇರುವುದು ಅದರಲ್ಲೇ. ಸಮಯವನ್ನು ನಿಮಿಷದ ಲೆಕ್ಕದಲ್ಲಿ ಹಿಡಿಯುತ್ತಾರೆ, ಮತ್ತು ಮೇಲಕ್ಕೆ ಪೂರ್ಣಗೊಳಿಸುತ್ತಾರೆ. ಹದಿನೈದು ಸೆಕೆಂಡಿನಲ್ಲಿ ಮುಗಿದ ಕಾಪಿಗೂ ಒಂದು ನಿಮಿಷದ ದುಡ್ಡು. ಬೆಂಗಳೂರಿನ ಆಟೋದಲ್ಲಿ 300 ಮೀಟರ್ ಹೋದರೂ ಮಿನಿಮಮ್ 36 ರೂಪಾಯಿ ಕೊಡಬೇಕಲ್ಲ, ಥೇಟ್ ಹಾಗೆ. ವ್ಯತ್ಯಾಸ ಏನೆಂದರೆ ಆಟೋದಲ್ಲಿ ನಾವು ದಿನಕ್ಕೆ ಎರಡು ಸಾವಿರ ಸಲ ಹತ್ತಿ ಇಳಿಯುವುದಿಲ್ಲ. ಪೈಪ್‌ಲೈನ್ ಹತ್ತಿ ಇಳಿಯುತ್ತದೆ.

ನಮ್ಮ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ. ಕಾರ್ಖಾನೆಯ ಇಆರ್‌ಪಿ, ಅಂದರೆ ಖರೀದಿ, ಸ್ಟಾಕ್, ಲೆಕ್ಕಪತ್ರ ಎಲ್ಲ ನಡೆಸುವ ಸಾಫ್ಟ್‌ವೇರ್, ಒಂದು ಹಳೆಯ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್ ಮೇಲೆ ನಡೆಯುತ್ತದೆ. ರಿಪೋರ್ಟ್‌ಗೆ ಬೇಕಾದ ಟೇಬಲ್‌ಗಳು 180. ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಗಂಟೆಗೊಮ್ಮೆ, ದಿನಕ್ಕೆ 12 ಸಲ ಎಲ್ಲವನ್ನೂ ಏರಿಸಬೇಕು ಅನ್ನುವುದು ಮೂಲ ಯೋಜನೆ. ಪ್ರತಿ ಟೇಬಲ್‌ಗೂ ಮೂರು ಹೆಜ್ಜೆ: ಹೋದ ಸಲ ಎಲ್ಲಿಯವರೆಗೆ ಒಯ್ದಿದ್ದೇವೆ ಎಂದು ನೋಡುವ ಲುಕ್‌ಅಪ್, ಹೊಸ ಸಾಲುಗಳ ಕಾಪಿ, ಆಮೇಲೆ ಗುರುತನ್ನು ಮುಂದಕ್ಕೆ ಸರಿಸುವ ಸ್ಟೋರ್ಡ್ ಪ್ರೊಸೀಜರ್. ಗುರುತಿನ ಟೇಬಲ್ ಕೂಡ ಪೀಣ್ಯದ ಸರ್ವರ್‌ನಲ್ಲೇ. ಪಠ್ಯಪುಸ್ತಕದ ವಿನ್ಯಾಸ, ಯಾರೂ ತಪ್ಪೆನ್ನುವ ಹಾಗಿಲ್ಲ.

180 ಟೇಬಲ್, 12 ಸಲ, 30 ದಿನ: ತಿಂಗಳಿಗೆ 64,800 ಕಾಪಿ. ಒಂದೊಂದಕ್ಕೂ ಮಿನಿಮಮ್ ಒಂದು ನಿಮಿಷ ಅಂದರೆ 1,080 ಗಂಟೆ. ಗಂಟೆಗೆ 10 ಸೆಂಟ್‌ನಂತೆ 108 ಡಾಲರ್. ಡೇಟಾ ಸಾಗಿಸಿದ ಕೂಲಿ ಇಷ್ಟೇ. ಇನ್ನು ಹೆಜ್ಜೆಗಳ ಲೆಕ್ಕ: ಟೇಬಲ್‌ಗೆ ಮೂರರಂತೆ 1,94,400 ರನ್, ಸಾವಿರಕ್ಕೆ ಒಂದೂವರೆ ಡಾಲರ್‌ನಂತೆ 291 ಡಾಲರ್ ಚಿಲ್ಲರೆ. ಚಿಲ್ಲರೆ ಕೆಲಸಗಳ ಸಮಯವೂ ಸೇರಿ ತಿಂಗಳಿಗೆ ಸುಮಾರು 402 ಡಾಲರ್, ನಮ್ಮ ದುಡ್ಡಿನಲ್ಲಿ 36 ಸಾವಿರ ರೂಪಾಯಿ.

ನನಗೆ ಆಶ್ಚರ್ಯವಾದದ್ದು ಇಲ್ಲೇ. ಸಾಗಣೆ ಕೂಲಿಗಿಂತ ಮೇಸ್ತ್ರಿ ಕೂಲಿ, ಅಂದರೆ ಹೆಜ್ಜೆಗಳ ದುಡ್ಡು, ಸುಮಾರು ಮೂರು ಪಾಲು. ಅದರ ಮೇಲೆ ಆ 64,800 ಕಾಪಿಗಳಲ್ಲಿ ಬಹುಪಾಲಿಗೆ ಸಾಗಿಸಲು ಏನೂ ಇರುವುದೇ ಇಲ್ಲ. ಜಿಎಸ್‌ಟಿಗೆ ಬೇಕಾದ ಎಚ್‌ಎಸ್‌ಎನ್ ಕೋಡ್‌ಗಳ ಟೇಬಲ್, ಸಪ್ಲೈಯರ್ ವಿಳಾಸಗಳ ಟೇಬಲ್, ಮೆಷಿನ್ ಮಾಸ್ಟರ್ ಇವೆಲ್ಲ ಗಂಟೆಗೊಮ್ಮೆ ಬದಲಾಗುವಂಥವಲ್ಲ. ಪೈಪ್‌ಲೈನ್ ಹೋಗುತ್ತದೆ, ಬಾಗಿಲು ತಟ್ಟುತ್ತದೆ, ಏನೂ ಇಲ್ಲವೆಂದು ವಾಪಸ್ ಬರುತ್ತದೆ, ಬಿಲ್ ಬೀಳುತ್ತದೆ.

ಐಟಿ ಹುಡುಗನನ್ನು ಕೂರಿಸಿಕೊಂಡು ಕೇಳಿದೆ, "ಗಂಟೆಗೊಮ್ಮೆ ಬೇಕು ಅಂತ ಕೇಳಿದ್ದು ಯಾರಪ್ಪಾ?"

"ಯಾರೂ ಕೇಳಿಲ್ಲ ಮೇಡಂ. ರಿಯಲ್ ಟೈಮ್‌ಗೆ ಹತ್ರ ಇರ್ಲಿ ಅಂತ ನಾವೇ ಇಟ್ಕೊಂಡಿದ್ದು."

ಸ್ಟೋರ್ಸ್‌ನವರನ್ನು ಕೇಳಿದರೆ ಅವರಿಗೆ ಜಿಆರ್‌ಎನ್ (ಮಾಲು ಬಂದ ದಾಖಲೆ) ಮತ್ತು ಸ್ಟಾಕ್ ಮಾತ್ರ ಹಗಲಲ್ಲಿ ಹೊಸದಾಗಿ ಬೇಕು. ಡಿಸ್ಪ್ಯಾಚ್‌ಗೆ ಇನ್‌ವಾಯ್ಸ್, ಇ-ವೇ ಬಿಲ್ ಬೇಕು. ಪ್ರೊಡಕ್ಷನ್‌ಗೆ ಶಿಫ್ಟ್ ಎಂಟ್ರಿ. ಎಲ್ಲ ಸೇರಿಸಿದರೂ 22 ಟೇಬಲ್ ದಾಟಲಿಲ್ಲ. ಉಳಿದ 158ಕ್ಕೆ ರಾತ್ರಿ ಒಂದು ಸಲ ಸಾಕು. ಆಗ ದಿನಕ್ಕೆ 422 ಕಾಪಿ, ತಿಂಗಳಿಗೆ 12,660. ಬಿಲ್ 78 ಡಾಲರ್ ಚಿಲ್ಲರೆಗೆ, ಅಂದರೆ ಏಳು ಸಾವಿರ ರೂಪಾಯಿಗೆ ಇಳಿಯುತ್ತದೆ. ಮೈಕ್ರೋಸಾಫ್ಟ್ ಜೊತೆ ಚೌಕಾಸಿ ಮಾಡಿ ಬಂದ ಇಳಿಕೆ ಇದಲ್ಲ. ನಾಲ್ಕು ವಿಭಾಗದವರ ಹತ್ತಿರ ಹೋಗಿ ಏನು ಬೇಕು ಅಂತ ಕೇಳಿದ್ದಕ್ಕೆ ಬಂದದ್ದು.

ಮುಂದಿನ ಇಳಿಕೆ ಹುಡುಗನದೇ ಬುದ್ಧಿ. ಲುಕ್‌ಅಪ್ ಅನ್ನುವುದು ಒಂದೇ ಸಲಕ್ಕೆ 5,000 ಸಾಲುಗಳವರೆಗೆ ತರಬಲ್ಲದು. ಹಾಗಿದ್ದ ಮೇಲೆ ಪ್ರತಿ ಟೇಬಲ್‌ಗೂ ಹೋಗಿ ಗುರುತು ನೋಡುವುದೇಕೆ? ಎಲ್ಲ ಟೇಬಲ್‌ಗಳ ಗುರುತನ್ನೂ ಶುರುವಿನಲ್ಲಿ ಒಂದೇ ಲುಕ್‌ಅಪ್‌ನಲ್ಲಿ ತಂದು, ಕಾಪಿಗಳನ್ನು ಓಡಿಸಿ, ಕೊನೆಗೆ ಕ್ಲೌಡ್ ಕಡೆ ಏನೇನು ತಲುಪಿದೆ ಎಂದು ಒಮ್ಮೆ ಕೇಳಿ, ಅದರ ಪ್ರಕಾರ ಗುರುತುಗಳನ್ನು ಒಟ್ಟಿಗೆ ಸರಿಸುವುದು. ನಡುವೆ ಒಂದು ಟೇಬಲ್ ಕೈಕೊಟ್ಟರೂ ಅದರ ಗುರುತು ಮಾತ್ರ ಇದ್ದಲ್ಲೇ ಇರುತ್ತದೆ. ಟೇಬಲ್‌ಗೆ ಮೂರಿದ್ದ ಹೆಜ್ಜೆ ಒಂದಕ್ಕೆ ಬಂತು. ಈಗ ಲೆಕ್ಕ 41, 42 ಡಾಲರ್, 3,800 ರೂಪಾಯಿಯ ಒಳಗೆ. ರಿಪೋರ್ಟ್ ನೋಡುವವರಿಗೆ ಏನೊಂದು ವ್ಯತ್ಯಾಸವೂ ಗೊತ್ತಾಗಿಲ್ಲ.

ಅಂದ ಹಾಗೆ, ವೇರಿಯಬಲ್‌ಗೆ ಒಂದು ಬೆಲೆ ತುಂಬಿಸುವುದೂ ಇಲ್ಲಿ ಆಕ್ಟಿವಿಟಿಯೇ. ಡೀಬಗ್ ಅಂತ ಒತ್ತಿ ಪರೀಕ್ಷೆಗೆ ಓಡಿಸಿದ್ದೂ ರನ್ನೇ. ವಿಫಲವಾಗಿ ಮರುಪ್ರಯತ್ನ ಮಾಡಿದ್ದೂ ರನ್ನೇ. ಪೀಣ್ಯದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಡ ಕೂತರೆ ನಮ್ಮ ಮೆಷಿನ್ ಕಾಣೆಯಾಗುತ್ತದೆ, ಪೈಪ್‌ಲೈನ್ ಮಾತ್ರ ಮೇಲಿಂದ ಮೇಲೆ ಪ್ರಯತ್ನಿಸುತ್ತಲೇ ಇರುತ್ತದೆ. ಮರುಪ್ರಯತ್ನಕ್ಕೆ ಒಂದು ಮಿತಿ ಹಾಕಿಟ್ಟುಕೊಳ್ಳಿ.

ಈ ನಮ್ಮ ಮೆಷಿನ್ ಅಂದರೆ ಏನು ಅಂತ ಹೇಳಬೇಕು, ಇಡೀ ವಿಮರ್ಶೆ ನಿಂತಿರುವುದೇ ಅದರ ಮೇಲೆ. ಸೆಲ್ಫ್ ಹೋಸ್ಟೆಡ್ ಇಂಟಿಗ್ರೇಶನ್ ರನ್‌ಟೈಮ್ ಅಂತ ಒಂದು ಪುಟ್ಟ ಸಾಫ್ಟ್‌ವೇರ್. ಅದನ್ನು ಮೈಕ್ರೋಸಾಫ್ಟ್ ಸುಮ್ಮನೆ ಕೊಡುತ್ತದೆ. ಆಫೀಸಿನ ಒಂದು ವಿಂಡೋಸ್ ಮೆಷಿನ್‌ನಲ್ಲಿ ಹಾಕಿಕೊಂಡರೆ, ಒಳಗಿನ ಡೇಟಾಬೇಸ್‌ನಿಂದ ಓದಿ ಕ್ಲೌಡ್‌ಗೆ ತಳ್ಳುವ ಕೆಲಸವನ್ನು ಅದು ಮಾಡುತ್ತದೆ. ಮೆಷಿನ್ ನಮ್ಮದು, ಕರೆಂಟ್ ನಮ್ಮದು, ವಿಂಡೋಸ್ ಲೈಸೆನ್ಸ್ ನಮ್ಮದು, ಆದರೂ ಗಂಟೆಗೆ 10 ಸೆಂಟ್ ಅವರಿಗೆ ಯಾಕೆ ಎಂದು ಮೊದಲು ರೇಗಿತ್ತು. ಕ್ಲೌಡ್ ಕಡೆಯ ದರ ಬಿಡಿಸಿ ನೋಡಿದ ಮೇಲೆ ಸುಮ್ಮನಾದೆ.

ಕ್ಲೌಡ್‌ನಿಂದ ಕ್ಲೌಡ್‌ಗೆ ಸಾಗಿಸುವಾಗ ಕೆಲಸ ಅವರ ಯಂತ್ರದ ಮೇಲೆ ನಡೆಯುತ್ತದೆ. ನಾವು ಬೇರೆ ಹೇಳದಿದ್ದರೆ ಒಂದು ಸಣ್ಣ ಕಾಪಿಗೂ ಸಾಮಾನ್ಯವಾಗಿ 4 ಡಿಐಯು ಹಿಡಿಯುತ್ತದೆ. ನಾಲ್ಕು ಗುಣಿಸು 25 ಸೆಂಟ್, ಗಂಟೆಗೆ 1 ಡಾಲರ್. ನಮ್ಮ ಮೆಷಿನ್‌ನ ಹತ್ತು ಪಟ್ಟು. ನಮ್ಮ ಮೂಲ ಯೋಜನೆಯನ್ನೇ ಅಲ್ಲಿ ಓಡಿಸಿದರೆ ಕಾಪಿಗೇ 1,080 ಡಾಲರ್, ಹೆಜ್ಜೆಗಳಿಗೆ 194, ಚಿಲ್ಲರೆ ಕೆಲಸಗಳ ಸಮಯವೂ ಸೇರಿ ಒಟ್ಟು 1,280 ಡಾಲರ್. ಒಂದು ಲಕ್ಷದ ಹದಿನೈದು ಸಾವಿರ ರೂಪಾಯಿ! ಅದೇ 180 ಟೇಬಲ್, ಅದೇ ಖಾಲಿ ಸಾಲುಗಳು.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಸುತ್ತಮುತ್ತಲಿನ ಕಾರ್ಖಾನೆಗಳವರೆಲ್ಲ ಇಆರ್‌ಪಿಯನ್ನೇ ಕ್ಲೌಡ್‌ಗೆ ಒಯ್ಯುವ ಮಾತಾಡುತ್ತಿದ್ದಾರೆ. ಆ ಕೊಟೇಶನ್‌ನಲ್ಲಿ ಸರ್ವರ್ ಬಾಡಿಗೆ ಇರುತ್ತದೆ, ಬ್ಯಾಕಪ್ ಇರುತ್ತದೆ, ಸಪೋರ್ಟ್ ಇರುತ್ತದೆ. ಇಲ್ಲಿಯವರೆಗೆ 10 ಸೆಂಟ್‌ಗೆ ಆಗುತ್ತಿದ್ದ ಕಾಪಿ ನಾಳೆಯಿಂದ 1 ಡಾಲರ್ ಆಗುತ್ತದೆ ಅನ್ನುವ ಸಾಲು ನಾನು ನೋಡಿದ ಯಾವ ಕೊಟೇಶನ್‌ನಲ್ಲೂ ಇರಲಿಲ್ಲ. ಹಾಗೆ ಒಯ್ದ ಮೇಲೂ ಆ ಪುಟ್ಟ ಸಾಫ್ಟ್‌ವೇರ್ ಅನ್ನು ಕ್ಲೌಡ್‌ನಲ್ಲೇ ಬಾಡಿಗೆಗೆ ಹಿಡಿದ ಸಣ್ಣ ಮೆಷಿನ್ ಮೇಲೆ ಹಾಕಿಕೊಂಡು ಹಳೆಯ ದರದಲ್ಲೇ ಮುಂದುವರಿಯಬಹುದು. ಆಗ ಆ ಮೆಷಿನ್ ಬಾಡಿಗೆಯನ್ನು ಲೆಕ್ಕಕ್ಕೆ ಸೇರಿಸಿ ನೋಡಿ. ಕಾಪಿಗಳು ಜಾಸ್ತಿ ಇದ್ದರೆ ಅದೇ ಲಾಭ.

ದೊಡ್ಡ ಫೈಲ್‌ಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ದಿನಕ್ಕೆ ಒಂದೇ ಸಲ, ಅರ್ಧ ಗಂಟೆ ಹಿಡಿಯುವ ಒಂದು ದೊಡ್ಡ ಲೋಡ್ ಇದ್ದರೆ ಕ್ಲೌಡ್ ಯಂತ್ರದ 4 ಡಿಐಯುಗೂ ತಿಂಗಳಿಗೆ 15 ಡಾಲರ್ ಅಷ್ಟೇ. ನಿಮಿಷಕ್ಕೆ ಏರಿಸುವ ನಿಯಮ ಅರ್ಧ ಗಂಟೆಯ ಕೆಲಸಕ್ಕೆ ಏನೂ ಮಾಡದು. ಹದಿನೈದು ಸೆಕೆಂಡಿನ ಕೆಲಸವನ್ನು ಮಾತ್ರ ನಾಲ್ಕು ಪಟ್ಟು ಮಾಡುತ್ತದೆ.

ಇನ್ನು ಡೇಟಾ ಫ್ಲೋ. ಚಿತ್ರ ಬಿಡಿಸಿದ ಹಾಗೆ ಎಳೆದು ಬಿಟ್ಟು ಡೇಟಾವನ್ನು ಸೋಸಿ, ಜೋಡಿಸಿ, ಕೂಡಿಸುವ ಸೌಕರ್ಯ. ಡೆಮೋದಲ್ಲಿ ಬಹಳ ಚೆಂದ. ಒಳಗೆ ಸ್ಪಾರ್ಕ್ ಕ್ಲಸ್ಟರ್ ಎಂಬ ಯಂತ್ರಗಳ ಗುಂಪು ಓಡುತ್ತದೆ, ಕನಿಷ್ಠ 8 ವಿ-ಕೋರ್ (ಪ್ರೊಸೆಸರ್ ಯೂನಿಟ್), ಒಂದೊಂದಕ್ಕೆ ಗಂಟೆಗೆ 27 ಸೆಂಟ್ ಆಸುಪಾಸು. ಅಂದರೆ ಗಂಟೆಗೆ ಎರಡು ಡಾಲರ್‌ಗೂ ಮೇಲೆ. ಡೀಬಗ್ ಸ್ವಿಚ್ ಹಾಕಿ ಹುಡುಗರು ಊಟಕ್ಕೆ ಎದ್ದುಹೋದರೆ ಒಂದು ಗಂಟೆ ಸುಮ್ಮನಿದ್ದ ಮೇಲೇ ಅದು ತಾನಾಗಿ ಆರುವುದು. ನಮ್ಮಂಥ ಕೆಲವೇ ಲಕ್ಷ ಸಾಲುಗಳ ಡೇಟಾಕ್ಕೆ ಇದು ಬೇಡವೇ ಬೇಡ. ಡೇಟಾವನ್ನು ಹಸಿಯಾಗಿ ಏರಿಸಿ, ಅಲ್ಲಿನ ಡೇಟಾಬೇಸ್‌ನಲ್ಲೇ ಎಸ್‌ಕ್ಯೂಎಲ್ ಬರೆದು ಸರಿಮಾಡಿಕೊಂಡರೆ ಡೇಟಾ ಫ್ಯಾಕ್ಟರಿಯ ಲೆಕ್ಕದಲ್ಲಿ ಅದೊಂದು ಹೊರಗಿನ ಆಕ್ಟಿವಿಟಿ, ಗಂಟೆಗೆ ಒಂದು ಸೆಂಟ್‌ನ ನಲವತ್ತನೇ ಒಂದು ಭಾಗ. ಎಸ್‌ಕ್ಯೂಎಲ್ ಬಲ್ಲ ಒಬ್ಬ ಇದ್ದರೆ ಸಾಕು.

ಸಣ್ಣ ಸಣ್ಣ ಸೋರಿಕೆಗಳೂ ಇವೆ. ತಿಂಗಳಿಡೀ ಒಮ್ಮೆಯೂ ಓಡದ ಪೈಪ್‌ಲೈನ್‌ಗೆ 80 ಸೆಂಟ್ ಬಾಡಿಗೆ. "ಟೆಸ್ಟ್-2", "ಟೆಸ್ಟ್-2-ಹೊಸದು", "ಫೈನಲ್-ಹಳೆಯದು" ಅಂತ ಬಿದ್ದಿರುವ ನಲವತ್ತು ಪೈಪ್‌ಲೈನ್ ಅಂದರೆ ತಿಂಗಳಿಗೆ 2,880 ರೂಪಾಯಿ. ಈಗಿನ ನಮ್ಮ ಇಡೀ ಬಿಲ್ಲಿನ ಮುಕ್ಕಾಲು ಪಾಲು ಆಯಿತು! ಅಳಿಸಲು ಮನಸ್ಸು ಬಾರದಿದ್ದರೆ ಕೋಡ್ ಅನ್ನು ಗಿಟ್ ಎಂಬ ಕೋಡ್ ಸಂಗ್ರಹದಲ್ಲಿಟ್ಟು ಇಲ್ಲಿಂದ ತೆಗೆದುಬಿಡಿ. ಮ್ಯಾನೇಜ್ಡ್ ವರ್ಚುವಲ್ ನೆಟ್‌ವರ್ಕ್ ಎಂಬ ಪ್ರತ್ಯೇಕ ಖಾಸಗಿ ಜಾಲವನ್ನು ಆನ್ ಮಾಡಿದವರಿಗೆ ಸೆಂಟ್‌ನ ಚೂರುಗಳಲ್ಲಿ ಅಳೆಯುತ್ತಿದ್ದ ಲುಕ್‌ಅಪ್, ಪ್ರೊಸೀಜರ್ ಸಮಯದ ದರ ಗಂಟೆಗೆ 1 ಡಾಲರ್ ಆಗಿಬಿಡುತ್ತದೆ. ಭದ್ರತೆಗೆ ಬೇಕಾದವರು ಕೊಡಲಿ, ಯಾರೋ ಹೇಳಿದರು ಅಂತ ಆನ್ ಮಾಡಬೇಡಿ.

ಎಸ್‌ಎಸ್‌ಐಎಸ್ (ಎಸ್‌ಕ್ಯೂಎಲ್ ಸರ್ವರ್ ಜೊತೆ ಬರುವ ಡೇಟಾ ಸಾಗಣೆ ಸಾಧನ) ಮೇಲೆ ಬರೆದ ಹಳೆಯ ಪ್ಯಾಕೇಜ್‌ಗಳನ್ನು ಹೊತ್ತು ಬರುವವರಿಗೆ ಒಂದು ಮಾತು. ಅವನ್ನು ಹಾಗೇ ಓಡಿಸಲು ಪ್ರತ್ಯೇಕ ಮೆಷಿನ್‌ಗಳು ಬೇಕು, ಆ ಗಂಟೆಯ ಬಾಡಿಗೆಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಲೈಸೆನ್ಸ್ ಕೂಡ ಸೇರಿರುತ್ತದೆ. ನಿಮ್ಮ ಬಳಿ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಮೈಕ್ರೋಸಾಫ್ಟ್‌ನ ನಿರ್ವಹಣಾ ಒಪ್ಪಂದ) ಇರುವ ಲೈಸೆನ್ಸ್ ಆಗಲೇ ಇದ್ದರೆ ಹೈಬ್ರಿಡ್ ಬೆನಿಫಿಟ್ ಅಂತ ಗುರುತು ಹಾಕಿ ಆ ಭಾಗವನ್ನು ಬಿಲ್‌ನಿಂದ ತೆಗೆಸಬಹುದು. ಮೆಷಿನ್‌ಗಳನ್ನು ನಿಲ್ಲಿಸುವವರೆಗೂ, ಕೆಲಸ ಇರಲಿ ಬಿಡಲಿ, ಮೀಟರ್ ತಿರುಗುತ್ತಿರುತ್ತದೆ. ಎಸ್‌ಎಪಿ ಕಂಪನಿಯ ಇಆರ್‌ಪಿ ಇರುವವರಿಗೆ ಇನ್ನೊಂದು: ಅದರಿಂದ ಡೇಟಾ ಎಳೆಯುವ ಕನೆಕ್ಟರ್ ಇದೆ ಅಂದ ಮಾತ್ರಕ್ಕೆ ಅದನ್ನು ಬಳಸುವ ಹಕ್ಕಿದೆ ಅಂತಲ್ಲ. ಓಡಿಪಿಯ ಆರ್‌ಎಫ್‌ಸಿ ಎಂಬ ದಾರಿಯಿಂದ ಬೇರೆ ಕಂಪನಿಗಳ ಸಾಫ್ಟ್‌ವೇರ್ ಡೇಟಾ ಎಳೆಯುವುದಕ್ಕೆ ಅನುಮತಿ ಇಲ್ಲ ಎಂದು ಎಸ್‌ಎಪಿ ತನ್ನ 3255746ನೇ ನೋಟ್‌ನಲ್ಲಿ 2024ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಆ ನೋಟ್ ಓದದೆ ಪ್ರಾಜೆಕ್ಟ್ ಶುರು ಮಾಡಬೇಡಿ.

ಬೇರೆಯವನ್ನೂ ನೋಡಿದೆವು. ಫೈವ್‌ಟ್ರಾನ್ ಎಂಬ ಇಂಥದೇ ಸೇವೆ ಎಣಿಸುವುದು ಸಾಲುಗಳನ್ನು: ತಿಂಗಳಲ್ಲಿ ಹೊಸದಾಗಿ ಬಂದ, ಬದಲಾದ ಅಥವಾ ಅಳಿಸಿಹೋದ ಸಾಲು ಒಂದಕ್ಕೆ ಒಂದು ಲೆಕ್ಕ. ಒಂದೇ ಸಾಲು ಮೂವತ್ತು ಸಲ ಬದಲಾದರೂ ಲೆಕ್ಕಕ್ಕೆ ಒಂದೇ. ಗಂಟೆಗೊಮ್ಮೆ ಹೋಗಿ ಬಾಗಿಲು ತಟ್ಟಿದ್ದಕ್ಕೆ ದುಡ್ಡಿಲ್ಲ. ನಮ್ಮ ಮೂಲ ಯೋಜನೆಗೆ ಹೇಳಿ ಮಾಡಿಸಿದ್ದು ಅಂತ ಅನ್ನಿಸಿತ್ತು. ಮೊದಲ ಪೂರ್ಣ ಲೋಡ್ ಕೂಡ ಉಚಿತ, ತಿಂಗಳಿಗೆ 5 ಲಕ್ಷ ಸಾಲುಗಳವರೆಗಿನ ಫ್ರೀ ಪ್ಲಾನ್ ಬೇರೆ. ಆಮೇಲೆ ನಮ್ಮ ಇಆರ್‌ಪಿಯ ಸ್ವಭಾವ ನೆನಪಾಯಿತು. ರಾತ್ರಿ ಸ್ಟಾಕ್ ಬೆಲೆ ಕಟ್ಟುವ ಜಾಬ್ ಐಟಂ ಮಾಸ್ಟರ್‌ನ ಪ್ರತಿ ಸಾಲನ್ನೂ ಮುಟ್ಟಿ, ಬೆಲೆ ಬದಲಾಗದಿದ್ದರೂ ತಾರೀಖು ಬರೆದು ಬರುತ್ತದೆ. ವರ್ಷಗಳಿಂದ ಯಾರೂ ಕೊಳ್ಳದ ಬೋಲ್ಟ್ ಕೂಡ ಆ ಲೆಕ್ಕದಲ್ಲಿ ಜೀವಂತ ಸಾಲು. ಮೆಷಿನ್‌ಗಳಿಂದ ಬರುವ ಲಾಗ್‌ನಲ್ಲಿ ಪ್ರತಿ ಸಾಲೂ ಹೊಸದೇ. 2025ರ ಮಾರ್ಚ್‌ನಿಂದ ರಿಯಾಯಿತಿಯ ಹಂತಗಳನ್ನು ಇಡೀ ಖಾತೆಗೆ ಒಟ್ಟಾಗಿ ಲೆಕ್ಕ ಹಾಕುವುದನ್ನು ಬಿಟ್ಟು ಒಂದೊಂದು ಕನೆಕ್ಷನ್‌ಗೂ ಪ್ರತ್ಯೇಕ ಮಾಡಿದ್ದಾರೆ. ಹಾಗಾಗಿ ಸಣ್ಣ ಸಣ್ಣ ಹತ್ತಾರು ಮೂಲಗಳಿರುವವರಿಗೆ ದೊಡ್ಡ ಪ್ರಮಾಣದ ರಿಯಾಯಿತಿ ಕೈಗೆಟುಕುವುದು ಕಷ್ಟ. ಆದರೂ ಒಂದು ಮಾತು ಒಪ್ಪಬೇಕು. ಸೇಲ್ಸ್‌ಫೋರ್ಸ್, ಶಾಪಿಫೈ, ಗೂಗಲ್ ಆಡ್ಸ್‌ನಂಥ ಕಡೆಯಿಂದ ಡೇಟಾ ತರುವವರಿಗೆ ಅವರ ಕನೆಕ್ಟರ್ ದುಡ್ಡಿಗೆ ತಕ್ಕದ್ದು. ಆ ಕಡೆಯವರು ಎಪಿಐ (ಡೇಟಾ ಕೊಡುವ ಬಾಗಿಲು) ಬದಲಿಸಿದಾಗ ನಿದ್ದೆಗೆಡುವುದು ಅವರು, ನೀವಲ್ಲ. ನಮಗಿರುವುದು ಒಂದೇ ಎಸ್‌ಕ್ಯೂಎಲ್ ಸರ್ವರ್. ನಮಗೆ ಆ ಚಿಂತೆ ಇಲ್ಲ.

ಪುಕ್ಕಟೆ ಬೇಕೆನ್ನುವವರಿಗೆ ಏರ್‌ಬೈಟ್ ಇದೆ, ನಿಮ್ಮ ಸರ್ವರ್‌ನಲ್ಲೇ ಹಾಕಿಕೊಳ್ಳಬಹುದು. ಅದರ ತಿರುಳಿಗೆ ಎಲಾಸ್ಟಿಕ್ ಲೈಸೆನ್ಸ್ ಇದೆ: ಸ್ವಂತಕ್ಕೆ ಬಳಸಿ, ಅದನ್ನೇ ಸೇವೆಯಾಗಿ ಬೇರೆಯವರಿಗೆ ಮಾರಬೇಡಿ ಅನ್ನುವುದು ತಾತ್ಪರ್ಯ. ಕಾರ್ಖಾನೆಗೆ ಅದು ತೊಡಕಲ್ಲ. ಆದರೆ ನೋಡಿಕೊಳ್ಳುವ ಮನುಷ್ಯನ ಸಂಬಳದ ಒಂದು ಪಾಲು ಅದರ ಬೆಲೆ ಅಂತ ಹಿಡಿದರೆ 3,800 ರೂಪಾಯಿಯ ಮುಂದೆ ಪುಕ್ಕಟೆಯೇ ದುಬಾರಿ. ಪುಕ್ಕಟೆ ಎಷ್ಟು ದಿನ ಅನ್ನುವುದೂ ಪ್ರಶ್ನೆಯೇ. ಟ್ಯಾಲೆಂಡ್ ಓಪನ್ ಸ್ಟುಡಿಯೋ ಎಂಬ ಇಂಥದೇ ಪುಕ್ಕಟೆ ಸಾಫ್ಟ್‌ವೇರ್ ನಂಬಿ ಸಾವಿರಾರು ಸಣ್ಣ ಕಂಪನಿಗಳು ಜಾಬ್ ಬರೆದಿಟ್ಟಿದ್ದವು. ಕ್ಲಿಕ್ ಕಂಪನಿ 2023ರಲ್ಲಿ ಟ್ಯಾಲೆಂಡ್ ಅನ್ನು ಕೊಂಡಿತು, 2024ರ ಜನವರಿ 31ಕ್ಕೆ ಉಚಿತ ಆವೃತ್ತಿ ನಿಂತಿತು.

ವೆಬ್‌ಸೈಟ್‌ನಲ್ಲಿ ಬೆಲೆಯನ್ನೇ ಹಾಕದೆ "ನಮ್ಮನ್ನು ಸಂಪರ್ಕಿಸಿ" ಅನ್ನುವವರ ಪೈಕಿ ಒಬ್ಬರನ್ನು ಕರೆಸಿದ್ದೆವು. ಹೆಸರು ಬೇಡ. ಬಂದವರು ಬಹಳ ವಿನಯವಂತರು. "ಮೇಡಂ, ಕ್ವಾರ್ಟರ್ ಎಂಡ್ ಒಳಗೆ ಪಿ.ಓ. ಕೊಟ್ರೆ ಮಾತ್ರ ಈ ರೇಟು" ಅಂದರು. ಉಕ್ಕಿನವರೂ ಹೀಗೇ ಹೇಳುತ್ತಾರೆ, ಅಭ್ಯಾಸ ಇದೆ. ಕೊಟೇಶನ್ ಮೂರು ವರ್ಷದ್ದು. ಮೊದಲ ವರ್ಷಕ್ಕೆ ಭಾರಿ ರಿಯಾಯಿತಿ, ಎರಡನೇ ವರ್ಷಕ್ಕೆ "ಆಗಿನ ಲಿಸ್ಟ್ ಬೆಲೆಯಂತೆ" ಎಂಬ ಒಂದು ಸಾಲು. ಆಗಿನ ಲಿಸ್ಟ್ ಬೆಲೆ ಯಾರಿಗೂ ಕಾಣದ ಬೆಲೆ. ಟೆಸ್ಟ್ ಸರ್ವರ್‌ಗೆ ಬೇರೆ ಲೈಸೆನ್ಸ್, ಕೊಂಡ ಯೂನಿಟ್ ಮುಗಿಯದೆ ಉಳಿದರೆ ಮುಂದಿನ ವರ್ಷಕ್ಕೆ ಹೋಗುವುದಿಲ್ಲ, ಮುಗಿದು ಮೇಲೆ ಬಳಸಿದರೆ ಹೆಚ್ಚಿನ ದರ. ರಿನ್ಯೂವಲ್ ಏರಿಕೆಗೆ ಶೇಕಡಾ ಇಷ್ಟೇ ಅಂತ ಮಿತಿ ಬರೆದುಕೊಡಿ ಅಂದೆ, ಆಗುವುದಿಲ್ಲ ಅಂದರು. ಫೈಲ್ ಮುಚ್ಚಿದೆ. ದೊಡ್ಡ ಬ್ಯಾಂಕ್‌ಗಳಿಗೆ, ಹತ್ತಾರು ದೇಶಗಳಲ್ಲಿ ಹರಡಿದ ಕಂಪನಿಗಳಿಗೆ ಅಂಥ ಸಾಫ್ಟ್‌ವೇರ್ ಬೇಕಾಗಬಹುದು. ಅವರಿಗೆ ಈ ಸಾಲುಗಳನ್ನು ಓದಲೆಂದೇ ವಕೀಲರಿರುತ್ತಾರೆ.

ತೆರಿಗೆಯ ವಿಷಯವನ್ನು ತಾಂತ್ರಿಕ ವಿಮರ್ಶೆಗಳಲ್ಲಿ ಯಾರೂ ಮುಟ್ಟುವುದಿಲ್ಲ, ಹಾಗಾಗಿ ನಾನು ಮುಟ್ಟುತ್ತೇನೆ. ಇನ್‌ವಾಯ್ಸ್ ಭಾರತದ ಕಂಪನಿಯಿಂದ ಬಂದರೆ ಅದರಲ್ಲೇ 18% ಜಿಎಸ್‌ಟಿ ಇರುತ್ತದೆ. ಹೊರದೇಶದಿಂದ ಬಂದರೆ ರಿವರ್ಸ್ ಚಾರ್ಜ್, ತೆರಿಗೆಯನ್ನು ನಾವೇ ಕಟ್ಟಬೇಕು. ಎರಡರಲ್ಲೂ ನಮ್ಮಂಥ ಕಾರ್ಖಾನೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಹೋದ ದುಡ್ಡು ಬರುತ್ತದೆ. ಆಸ್ಪತ್ರೆ, ಶಾಲೆಗಳ ಕತೆ ಬೇರೆ. ಅವರ ಸೇವೆಗೇ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಕ್ರೆಡಿಟ್ ತೆಗೆದುಕೊಳ್ಳಲಾಗದು, 18% ಪೂರ್ತಿ ಖರ್ಚು. ಒಂದೇ ಸಾಫ್ಟ್‌ವೇರ್, ಒಂದೇ ದರ, ಆಸ್ಪತ್ರೆಗೆ ಮಾತ್ರ ಸುಮಾರು ಐದನೇ ಒಂದು ಪಾಲು ದುಬಾರಿ. ಹೊರದೇಶಕ್ಕೆ ಪಾವತಿಸುವಾಗ ಟಿಡಿಎಸ್ ಕಡಿಯಬೇಕೇ ಅನ್ನುವ ಜಗಳ ನಮ್ಮ ರಾಜ್ಯದ ಮೂಲಕವೇ ಹಾದುಹೋಗಿದೆ. ಸಾಫ್ಟ್‌ವೇರ್‌ಗೆ ಕೊಡುವ ದುಡ್ಡು ರಾಯಲ್ಟಿ, ಹಾಗಾಗಿ ಟಿಡಿಎಸ್ ಕಡಿಯಬೇಕು ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಆ ನಿಲುವನ್ನು ತಳ್ಳಿಹಾಕಿ, ಬಳಸುವ ಹಕ್ಕನ್ನಷ್ಟೇ ಕೊಡುವ ಲೈಸೆನ್ಸ್‌ಗೆ ಕೊಟ್ಟ ಹಣ ರಾಯಲ್ಟಿ ಆಗದು ಎಂದಿತು. ಹಾಗಂತ ನಿಮ್ಮ ಒಪ್ಪಂದವನ್ನು ಆಡಿಟರ್‌ಗೆ ತೋರಿಸದೆ ಪಾವತಿ ಮಾಡಬೇಡಿ. "ಟ್ಯಾಕ್ಸ್ ಎಲ್ಲ ಕಸ್ಟಮರ್ ಮೇಲೆ" ಅನ್ನುವ ಕಲಂ ಇದ್ದರೆ ಕಡಿದ ಟಿಡಿಎಸ್ ಕೂಡ ನಿಮ್ಮ ಕೈಯಿಂದಲೇ ಹೋಗುತ್ತದೆ.

ಡೇಟಾ ಫ್ಯಾಕ್ಟರಿಯ ಬಗ್ಗೆ ನನ್ನ ದೊಡ್ಡ ದೂರು ದರದ ಮೇಲಲ್ಲ, ಬಿಲ್ ತೋರಿಸುವ ರೀತಿಯ ಮೇಲೆ. ಮಾಮೂಲಾಗಿ ಬಿಟ್ಟರೆ ಇಡೀ ಫ್ಯಾಕ್ಟರಿಗೆ ಒಂದೇ ಮೊತ್ತ ಕಾಣುತ್ತದೆ. ಯಾವ ಪೈಪ್‌ಲೈನ್ ಎಷ್ಟು ತಿಂದಿತು ಅಂತ ನೋಡಲು ಸೆಟ್ಟಿಂಗ್‌ನಲ್ಲಿ ಪೈಪ್‌ಲೈನ್‌ವಾರು ಬಿಲ್ ಅನ್ನುವುದನ್ನು ನಾವೇ ಆನ್ ಮಾಡಬೇಕು. ಅದು ಮೊದಲಿಂದಲೇ ಆನ್ ಇರಬೇಕಿತ್ತು. ಹಿಂದಿನ ತಿಂಗಳುಗಳಿಗೆ ಅದು ಅನ್ವಯಿಸುವುದಿಲ್ಲವಾದ್ದರಿಂದ ಖಾತೆ ತೆರೆದ ದಿನವೇ ಆನ್ ಮಾಡಿ. ಬಜೆಟ್ ಮೀರಿದರೆ ಮೇಲ್ ಬರುವ ಹಾಗೆ ಮಾಡಬಹುದು, ಆದರೆ ಆ ಮೇಲ್ ಏನನ್ನೂ ನಿಲ್ಲಿಸುವುದಿಲ್ಲ. ಮೇಲ್ ಹುಡುಗನಿಗೊಂದೇ ಹೋಗದೆ ನನಗೂ ಬರುವ ಹಾಗೆ ಮಾಡಿಸಿಕೊಂಡಿದ್ದೇನೆ.

ಈಗ ಮೈಕ್ರೋಸಾಫ್ಟ್‌ನವರು ಸಿಕ್ಕಾಗಲೆಲ್ಲ ತಮ್ಮ ಹೊಸ ಡೇಟಾ ವೇದಿಕೆ ಫ್ಯಾಬ್ರಿಕ್‌ಗೆ ಬನ್ನಿ ಅನ್ನುತ್ತಾರೆ. ಇದೇ ಡೇಟಾ ಫ್ಯಾಕ್ಟರಿ ಅದರೊಳಗೂ ಇದೆ, ಆದರೆ ದುಡ್ಡಿನ ಲೆಕ್ಕ ಬೇರೆ: ಓಡಿದಷ್ಟಕ್ಕೆ ಕೊಡುವುದಲ್ಲ, ಸಾಮರ್ಥ್ಯವನ್ನು ಬಾಡಿಗೆಗೆ ಹಿಡಿಯುವುದು. ಎಲ್ಲಕ್ಕಿಂತ ಚಿಕ್ಕದಾದ ಎಫ್2 ತಿಂಗಳಿಡೀ ಆನ್ ಇದ್ದರೆ 263 ಡಾಲರ್, 23 ಸಾವಿರದ ಆರುನೂರು ರೂಪಾಯಿ ಚಿಲ್ಲರೆ. ಬೇಡದ ಹೊತ್ತಲ್ಲಿ ನಿಲ್ಲಿಸಿಡಬಹುದು, ನಿಜ. ಪವರ್ ಬಿಐ ಎಂಬ ಮೈಕ್ರೋಸಾಫ್ಟ್‌ನ ಸಾಧನದಲ್ಲಿ ರಿಪೋರ್ಟ್ ನೋಡುವವರಿಗೆ ಪ್ರತ್ಯೇಕ ಲೈಸೆನ್ಸ್ ಬೇಡ ಅನ್ನುವ ಸೌಲಭ್ಯಕ್ಕೆ ಮಾತ್ರ ಎಫ್64 ಬೇಕು, ಅದು ತಿಂಗಳಿಗೆ 8,400 ಡಾಲರ್. ರಿಪೋರ್ಟ್ ನೋಡುವವರು ನೂರಾರು ಜನ ಇರುವ ಕಡೆ ಈ ಲೆಕ್ಕ ಕೂಡಿಬರಬಹುದು. ನಮ್ಮಲ್ಲಿ ನೋಡುವವರನ್ನೆಲ್ಲ ಸೇರಿಸಿದರೂ ಕ್ಯಾಂಟೀನ್‌ನ ಒಂದು ಸಾಲು ತುಂಬುವುದಿಲ್ಲ. 3,800 ರೂಪಾಯಿಯ ಕೆಲಸಕ್ಕೆ 23 ಸಾವಿರದ ಬಾಡಿಗೆ ಕೊಡಲು ನಾನು ಸಹಿ ಹಾಕುವುದಿಲ್ಲ ಅಂತ ಮಾಲೀಕರಿಗೆ ಹೇಳಿದ್ದೇನೆ. ಇಆರ್‌ಪಿ ಕ್ಲೌಡ್‌ಗೆ ಹೋಗುವ ಕೊಟೇಶನ್ ಬಂದಾಗ, ಕಾಪಿಯ ಖರ್ಚನ್ನು ಹೊಸ ದರದಲ್ಲಿ ಹಾಕಿದ ಹಾಳೆಯೊಂದನ್ನು ಅದರ ಜೊತೆಗೇ ಪಿನ್ ಮಾಡಿ ತರಬೇಕು ಅಂತ ಐಟಿ ಹುಡುಗನಿಗೂ ಹೇಳಿಯಾಗಿದೆ.